ಫಿಟ್ಟರ್ ಸುರಿಸಿದ ಕಣ್ಣೀರು

ಆದದ್ದೆಲ್ಲಾ ಒಂದು ಬಟ್ಟಲು ಸೂಪಿನಿಂದ.

ಬಾಯ್ಲರ್ ಫಿಟ್ಟರ್ ಪರದೇಶದ ಆ ಊರಿಗೆ ಬಂದು ಆರು ವಾರವಾಗಿತ್ತು. ಹೊಸ ಬಾಯ್ಲರಿನ ಕೆಲಸ ಕಲಿತು ಬಾ ಎಂದು ಕಾರ್ಖಾನೆಯವರು ಮೂರು ತಿಂಗಳಿಗೆ ಕಳಿಸಿದ್ದರು. ಇಷ್ಟು ದಿನ ಅವನು ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು, ತಾನೇ ಅನ್ನ ಬೇಯಿಸಿಕೊಂಡು, ಊರಿಂದ ತಂದ ಉಪ್ಪಿನಕಾಯಿಯನ್ನು ಔಷಧಿಯಂತೆ ಅಳೆದು ನೆಕ್ಕುತ್ತಾ ಕಾಲ ಹಾಕಿದ್ದ. ಶನಿವಾರ ಭರಣಿ ಬರಿದಾಯಿತು. ಭಾನುವಾರ ಬೆಳಿಗ್ಗೆ ಮನೆಯೊಡತಿ ಅಡುಗೆಮನೆಗೆ ಕರೆದು ಬಿಸಿ ಬಿಸಿ ಬಟ್ಟಲನ್ನು ಮುಂದಿಟ್ಟಾಗ ಬೇಡವೆನ್ನಲು ಬಾಯಿ ಬರಲಿಲ್ಲ.

ಮೂಲೆಯಲ್ಲಿ ಅವಳ ಅಣ್ಣ, ಎಪ್ಪತ್ತು ದಾಟಿದ ಅಜ್ಜ, ಎದೆಗೆ ಹಾರ್ಮೋನಿಯಂನಂಥ ಪೆಟ್ಟಿಗೆಯೊಂದನ್ನು ಕಟ್ಟಿಕೊಂಡು ತಿದಿ ಎಳೆದೆಳೆದು ನುಡಿಸುತ್ತಿದ್ದ. ಎಣ್ಣೆ ಕಾಣದ ಬಾಗಿಲು ಹಾಡಲು ಕಲಿತಂತಿತ್ತು ಆ ನಾದ.

ಫಿಟ್ಟರ್ ಒಂದು ಚಮಚ ಬಾಯಿಗಿಟ್ಟ. ಮೆಣಸಿನಕಾಯಿಗೆ ಹೆದರುವ ವಂಶ ಅವನದಲ್ಲ. ಆದರೆ ಆ ಬೆಳ್ಳನೆಯ ಸೂಪಿನಲ್ಲಿ ಯಾವುದೋ ಬೇರು ತುರಿದು ಹಾಕಿದ್ದರು. ಅದರ ಘಾಟು ನಾಲಿಗೆಯನ್ನು ಕೇಳದೆ ಮೂಗಿಗೇರಿ, ಮೂಗಿನಿಂದ ನೆತ್ತಿಗೆ ಹತ್ತಿತು. ಎರಡೂ ಕಣ್ಣಿನಿಂದ ನೀರು ಬಳಬಳನೆ ಸುರಿಯಿತು. ನೀರು ಬೇಕೆಂದು ಕೈ ಎತ್ತಿದ. ಇನ್ನೊಂದು ಹಾಡು ಬೇಡುತ್ತಿದ್ದಾನೆಂದು ತಿಳಿದು ಅಜ್ಜ ಇನ್ನೊಂದನ್ನು ಶುರುಮಾಡಿದ. ಆ ಭಾಷೆಯಲ್ಲಿ ಫಿಟ್ಟರಿಗೆ ಬರುತ್ತಿದ್ದದ್ದು ಒಂದೇ ಮಾತು, ‘ಚೆನ್ನಾಗಿದೆ’. ಬಿಕ್ಕುತ್ತಲೇ ಅದನ್ನು ಹೇಳಿದ.

ಮನೆಯೊಡತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಂತರ ಕಿಟಕಿ ತೆಗೆದು ಬೀದಿಗೆಲ್ಲಾ ಸುದ್ದಿ ಹೇಳಿದಳು.

ಹತ್ತು ಗಂಟೆಯೊಳಗೆ ಮೆಟ್ಟಿಲ ಮೇಲೆ ಸಿಕ್ಕವರೆಲ್ಲಾ ಅವನ ಭುಜ ತಟ್ಟತೊಡಗಿದರು. ಹನ್ನೆರಡಕ್ಕೆ ಊರಿಂದ ಹೆಂಡತಿಯ ಫೋನ್ ಬಂತು. ಸುದ್ದಿ ಅವಳಿಗೆ ಮುಟ್ಟಿಸಿದ್ದು ಅದೇ ಬೀದಿಯಲ್ಲಿದ್ದ ಕ್ರೇನ್ ಡ್ರೈವರನ ಮನೆಯವಳು. ಫಿಟ್ಟರನ ಊರ ಕಡೆಯವನೇ ಆದ ಆ ಡ್ರೈವರ್ ಅಲ್ಲಿ ಹನ್ನೆರಡು ವರ್ಷದಿಂದ ನೆಲೆಸಿದ್ದ.

“ಯಾರದೋ ಹಾಡು ಕೇಳಿ ಅತ್ರಂತೆ?” ಎಂದಳು ಹೆಂಡತಿ. “ನಾನು ಬಾಣಂತನಕ್ಕೆ ತವರಿಗೆ ಹೊರಟಾಗ ಒಂದು ಹನಿ ಬರಲಿಲ್ಲ ನಿಮಗೆ.”

ಸೂಪಿನ ಕತೆ ಹೇಳುವಷ್ಟರಲ್ಲಿ ಆ ಕಡೆ ಫೋನ್ ಇಟ್ಟಾಗಿತ್ತು.

ಸಂಜೆ ನೋಡಿದರೆ ಹಿತ್ತಲಲ್ಲಿ ಮೂವತ್ತು ಕುರ್ಚಿ. ಎಲ್ಲಕ್ಕೂ ಮುಂದಿನದು ಫಿಟ್ಟರಿಗೆ. ಅಜ್ಜ ಕೂದಲು ಒಪ್ಪವಾಗಿ ಬಾಚಿಕೊಂಡು ಬಂದು ನುಡಿಸತೊಡಗಿದ. ಜನ ಮಾತ್ರ ಅವನತ್ತ ನೋಡಲಿಲ್ಲ. ಹಾಲು ಉಕ್ಕುವುದನ್ನು ಕಾಯುವವರಂತೆ ಫಿಟ್ಟರನ ಕಣ್ಣನ್ನೇ ಕಾದರು. ಕಣ್ಣು ಒಣಗಿ ಕೂತಿತ್ತು. ಸತ್ತುಹೋದ ಸೋದರಮಾವನನ್ನು ನೆನೆದ, ಎರಡು ಸಲ ಫೇಲಾದ ಗಣಿತ ಪರೀಕ್ಷೆಯನ್ನು ನೆನೆದ, ಉಹೂಂ. ಒಂದೊಂದು ಹಾಡಿಗೂ ಅಜ್ಜನ ಮುಖ ಒಂದಿಷ್ಟು ಜೋಲುತ್ತಾ ಬಂತು.

ಅದನ್ನು ಫಿಟ್ಟರನಿಂದ ನೋಡಲಾಗಲಿಲ್ಲ. ಮನೆಯೊಡತಿಗೆ ಸನ್ನೆ ಮಾಡಿ ತಾನಾಗಿಯೇ ಇನ್ನೊಂದು ಬಟ್ಟಲು ಸೂಪು ತರಿಸಿಕೊಂಡ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದ. ಕಟ್ಟೆ ಒಡೆಯಿತು. ಚಪ್ಪಾಳೆಯೋ ಚಪ್ಪಾಳೆ. ಪಕ್ಕದಲ್ಲಿದ್ದ ದಢೂತಿ ಬೇಕರಿಯವನೂ ಕಣ್ಣೊರೆಸಿಕೊಂಡ.

ಅಜ್ಜ ಎದ್ದು ಬಂದು ಫಿಟ್ಟರನ ಕೈ ಹಿಡಿದುಕೊಂಡು ಏನೋ ಹೇಳಿದ. ಇನ್ನು ದಿನಾ ಸಂಜೆ ನಿನಗಾಗಿಯೇ ನುಡಿಸುತ್ತಾನಂತೆ ಎಂದು ಹಿಂದಿನ ಕುರ್ಚಿಯಲ್ಲಿದ್ದ ಕ್ರೇನ್ ಡ್ರೈವರ್ ಬಿಡಿಸಿ ಹೇಳಿದ. ಫಿಟ್ಟರ್ ಡ್ರೈವರನತ್ತ ತಿರುಗಿದ.

“ಅಣ್ಣಾ, ನಿಜ ಹೇಳ್ಬಿಡಿ. ನಾನು ಅತ್ತಿದ್ದು ಸಂಗೀತಕ್ಕಲ್ಲ, ಸೂಪಿಗೆ.”

“ಹೇಳಿದ್ರೆ ಅಜ್ಜ ಕುಸಿದು ಹೋಗ್ತಾನೆ ಕಣೋ.”

“ಹೇಳದಿದ್ರೆ ನಾನು ಹೋಗ್ತೀನಿ.”

ಡ್ರೈವರ್ ಗಂಟಲು ಸರಿಮಾಡಿಕೊಂಡು ಹೇಳಿದ. ಅಜ್ಜ ಪಟ್ಟಿ ಬಿಚ್ಚಿ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಇನ್ನೊಮ್ಮೆ ಹೇಳು ಎಂದು ಕೇಳಿದ. ಡ್ರೈವರ್ ಇನ್ನೊಮ್ಮೆ ಹೇಳಿದ. ಫಿಟ್ಟರಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು.

ಅಜ್ಜ ಎರಡೂ ತೋಳು ಚಾಚಿ ಅವನನ್ನು ಎದೆಗೆ ಅಪ್ಪಿಕೊಂಡ.

“ಸೂಪು ಮಾಡೋನು ಇವನೇ ಅಂತೆ,” ಎಂದ ಡ್ರೈವರ್, ನಗು ತಡೆದುಕೊಳ್ಳುತ್ತಾ. “ಸಂಗೀತ ಹೊಗಳೋರು ಅಲ್ಲಿ ಇಲ್ಲಿ ಸಿಕ್ಕಿದ್ದಾರಂತೆ. ಆದ್ರೆ ಈ ಸೂಪನ್ನ ನಲವತ್ತು ವರ್ಷದಲ್ಲಿ ಕೇಳಿ ಹಾಕಿಸ್ಕೊಂಡು, ಸಂತೋಷಕ್ಕೆ ಅತ್ತವನು ನೀನೊಬ್ಬನೇ ಅಂತೆ.”

ಸಂತೋಷಕ್ಕಲ್ಲ ಎನ್ನಲು ಫಿಟ್ಟರ್ ಬಾಯಿ ತೆರೆದ. ಗಾಬರಿಯಲ್ಲಿ ಹೊರಬಿದ್ದದ್ದು ಗೊತ್ತಿದ್ದ ಆ ಒಂದೇ ಮಾತು. ಅಜ್ಜ ಅರಳಿಹೋದ. ಮತ್ತೇನೋ ಕೇಳಿದ.

“ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ ಅಂತಾನೆ.”

“ಆರಕ್ಕೆ. ಯಾಕಣ್ಣಾ?”

ಅಜ್ಜ ಬೆರಳು ಮಡಿಸಿ ಲೆಕ್ಕ ಹಾಕಿ ಡ್ರೈವರನ ಕಿವಿಯಲ್ಲಿ ಹೇಳಿದ.

“ನೀನು ಊರಿಗೆ ಹೊರಡೋವರೆಗೂ ದಿನಾ ನಾಲ್ಕಕ್ಕೇ ಒಲೆ ಹಚ್ತಾನಂತೆ. ಕುದಿಯೋಕೆ ಎರಡು ಗಂಟೆ ಬೇಕಂತೆ, ಅಲ್ಲಿವರೆಗೆ ಬೇಜಾರು ಕಳೆಯೋಕೆ ನಿನ್ನ ಬಾಗಿಲ ಹತ್ರಾನೇ ಕೂತು ಪೆಟ್ಟಿಗೆ ನುಡಿಸ್ತಾನಂತೆ.”