ಸುಘೋಷನ ಗುರು ತ್ರಿವಿಕ್ರಮ

ಪಕ್ಕದ ಮನೆಯ ಗೋಪೀನಾಥನ ಮಗ ಸುಘೋಷ್ ಅಮೆರಿಕದ ಬೇಸ್‌ಬಾಲ್ ತಂಡವೊಂದನ್ನು ಸೇರಿ, ಚೆಂಡೆಸೆಯುವುದರಲ್ಲಿ ಮೊದಲ ವರ್ಷವೇ ಹೆಸರು ಮಾಡಿದಾಗಿನಿಂದ ತ್ರಿವಿಕ್ರಮನಿಗೆ ಅನ್ನ ಸೇರುತ್ತಿರಲಿಲ್ಲ. ಮೆಲ್ಬರ್ನಿನ ವೆರಿಬೀಯಲ್ಲಿ ಅವನು ಎರಡು ಸಲ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವನು. ಈಗ ಕೊತ್ತಂಬರಿ ಸೊಪ್ಪು ಕೊಳ್ಳಲು ಹೋದರೂ ಜನ ಕೇಳುವುದು ಒಂದೇ: "ನೀವು ಸುಘೋಷ್ ಪಕ್ಕದ ಮನೆಯವರಲ್ವಾ?"

"ಚೆಂಡು ಎಸೆಯೋದೂ ಒಂದು ಕೆಲಸವೇನೇ?" ಎಂದು ಹೆಂಡತಿ ಅನಘಾಳ ಮೇಲೆ ಹಾರಾಡಿದ.

"ನೀವೂ ಎಸೀರಿ, ಯಾರು ಬೇಡ ಅಂದ್ರು?" ಅಂದಳು ಅವಳು.

ಎರಡು ಸಾವಿರದ ಏಳರ ನವೆಂಬರಿನಲ್ಲಿ ಸುಘೋಷ್ ರಜೆಗೆ ಬಂದ. ಸಿಡ್ನಿಯ ಕನ್ನಡಿಗರು ಅವನಿಗೆ ಸನ್ಮಾನ ಇಟ್ಟುಕೊಂಡರು. ವೆರಿಬೀಯಿಂದ ಇಪ್ಪತ್ತು ಮಂದಿ ಹೊರಟರು. ಹೋಗದಿದ್ದರೆ ಹೊಟ್ಟೆಕಿಚ್ಚು ಅಂತಾರೆಂದು ತ್ರಿವಿಕ್ರಮನೂ ಬೆಳಗಿನ ವಿಮಾನ ಹತ್ತಿದ.

ಹಾಲ್‌ಗೆ ಸುಘೋಷ್ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಸಿಡ್ನಿ ಸಂಘದ ಅಧ್ಯಕ್ಷ ಶಿವಪುತ್ರಪ್ಪ ಗೋಪೀನಾಥನಿಗೇ ಹಾರ ಹಾಕತೊಡಗಿದರು. "ಎಂಥಾ ಮಗನ್ನ ಹಡದೀರಿ ಸರ!"

ಮೂರನೇ ಹಾರ ಬೀಳುವಷ್ಟರಲ್ಲಿ ತ್ರಿವಿಕ್ರಮನ ಹೊಟ್ಟೆಯೊಳಗೆ ಸಾಸಿವೆ ಸಿಡಿಯಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಮಗ ಅವರದೇ. ಎಸೆಯೋದು ಕಲಿಸಿದ್ದು ನಾನು."

"ಖರೇನ್ರೀ?" ಎಂದರು ಶಿವಪುತ್ರಪ್ಪ.

ಗೋಪೀನಾಥ ಸಿಟ್ಟಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ತಬ್ಬಿಕೊಂಡ. "ನಾನಾಗ ಸಂಜೆ ಶಿಫ್ಟ್‌ನಲ್ಲಿ ಇರ್ತಿದ್ದೆ ಕಣಯ್ಯ. ನೀನಿಷ್ಟು ಮಾಡಿದ್ದು ನಂಗೆ ಗೊತ್ತೇ ಇರ್ಲಿಲ್ಲ!"

ಮೂರೂ ಹಾರ ತ್ರಿವಿಕ್ರಮನ ಕೊರಳಿಗೆ ಬಂದವು. ಮೇಲೊಂದು ಶಾಲು. ಅಷ್ಟಕ್ಕೇ ಮುಗಿಯಲಿಲ್ಲ. "ಗುರುಗಳು ಒಮ್ಮೆ ಎಸೆದು ತೋರಿಸಬೇಕು" ಎಂದು ಯಾರೋ ಕೈಗೆ ಚೆಂಡು ತುರುಕಿದರು. ಅವನು ಕಣ್ಣು ಮುಚ್ಚಿ ಎಸೆದ. ಚೆಂಡು ಹಿಂದಕ್ಕೆ ಹಾರಿ ಬಿಸಿಬೇಳೆಬಾತಿನ ಪಾತ್ರೆಯಲ್ಲಿ ಮುಳುಗಿತು.

"ದೊಡ್ಡೋರ ಎಸೆತ ನಮಗೆಲ್ಲಿ ತಿಳೀಬೇಕ್ರೀ," ಎಂದು ಶಿವಪುತ್ರಪ್ಪ ಚಪ್ಪಾಳೆ ತಟ್ಟಿದರು.

ಆಗಲೇ ಸುಘೋಷ್ ಬಾಗಿಲಲ್ಲಿ ಕಾಣಿಸಿಕೊಂಡ. ತ್ರಿವಿಕ್ರಮ ಟಾಯ್ಲೆಟ್ ಕಡೆಗೆ ಸರಿಯುತ್ತಿದ್ದುದನ್ನು ಕಂಡು ನಾಲ್ಕು ಜನ ಹಿಡಿದು ವೇದಿಕೆಯ ಮೇಲೆ ಕೂರಿಸಿದರು. ಶಿವಪುತ್ರಪ್ಪ ಮೈಕ್ ಹಿಡಿದು ಕೇಳಿಯೇಬಿಟ್ಟರು: "ನಿನಗೆ ಕಲಿಸಿದವರು ಇವರೇ ಏನಪಾ?"

ತ್ರಿವಿಕ್ರಮ ಮನೆದೇವರಿಗೆ ಹರಕೆ ಹೊತ್ತ.

ಹುಡುಗ ಒಂದು ಕ್ಷಣ ನೋಡಿ ನಕ್ಕ. "ಯೆಸ್. ತ್ರಿವಿಕ್ರಮ ಅಂಕಲ್ ಇಲ್ದಿದ್ರೆ ನಾನು ಈ ಲೆವೆಲ್‌ಗೆ ಬರ್ತಾನೇ ಇರ್ಲಿಲ್ಲ."

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ತ್ರಿವಿಕ್ರಮನಿಗೆ ಹೋದ ಜೀವ ಬಂತು. ಎದ್ದು ಕೈಮುಗಿದ.

"ನಮ್ಮ ಬಾಲ್ ಇವರ ಲಾನ್‌ಗೆ ಬಿದ್ರೆ ವಾಪಸ್ ಕೊಡ್ತಿರ್ಲಿಲ್ಲ," ಹುಡುಗ ಮುಂದುವರಿಸಿದ. "ಫೆನ್ಸ್ ಹತ್ರ ನಿಂತು ಎವ್ರಿ ಡೇ ಬೈತಿದ್ರು. ಆ ಭಯಕ್ಕೇ ಒಂದಿಂಚೂ ಆಚೀಚೆ ಹೋಗದ ಹಾಗೆ ಎಸೆಯೋದು ಕಲಿತೆ. ಥ್ಯಾಂಕ್ಯೂ ಅಂಕಲ್!"

ಹಾಲ್ ಬಿದ್ದು ಬಿದ್ದು ನಕ್ಕಿತು. ನಗದಿದ್ದವರು ವೆರಿಬೀಯ ತಾಯಂದಿರು ಮಾತ್ರ. ಅವರಲ್ಲಿ ಗೌರಕ್ಕ ಇಬ್ಬರು ಮಕ್ಕಳ ಕೈ ಹಿಡಿದು ವೇದಿಕೆಯ ಹತ್ತಿರ ಬಂದಳು.

"ನಾಳೆಯಿಂದ ಇವರನ್ನ ನಿಮ್ಮನೆ ಮುಂದೆ ಆಡೋಕೆ ಬಿಡ್ತೀನಿ, ತ್ರಿವಿಕ್ರಮ ಅವರೇ. ಎಷ್ಟು ಗಂಟೆಗೆ ಬೈತೀರಿ?"

ಅವಳ ಹಿಂದೆ ಆಗಲೇ ಏಳು ಜನ ಸಾಲಾಗಿ ನಿಂತಿದ್ದರು.