ಮಾವ ಒಳಗೆ ಕರೆದ ವರ

ನನ್ನ ಸೋದರಮಾವನ ಕಣ್ಣಿಗೆ ಬಿದ್ದ ಅವಿವಾಹಿತರಿಗೆ ಉಳಿಗಾಲವಿಲ್ಲ! ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದರೆ ಉಸಿರಾಡಲು ಜಾಗವಿರುವುದಿಲ್ಲ. ಅಂಥದ್ದರಲ್ಲೂ ಎದೆಗೆ ಎದೆ ತಾಗಿಸಿ ನಿಂತ ಹುಡುಗನ ಊರು, ರಾಶಿ, ಸಂಬಳ ಎಲ್ಲವೂ ಠಾಣೆ ಬರುವಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತದೆ. ಪಾಪ, ಆ ಹುಡುಗ ಓಡುವುದಾದರೂ ಎಲ್ಲಿಗೆ?

ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಮಾವನಿಗೆ ಇದೇ ಉದ್ಯೋಗ. ಉಡುಪಿಯವರು, ವಿಜಯಪುರದವರು ಎಂಬ ಭೇದವಿಲ್ಲ. ಕಲ್ಯಾಣದಿಂದ ಕಳಂಬೋಲಿಯವರೆಗಿನ ಕನ್ನಡದ ತಾಯಂದಿರು ಮಗಳ ಫೋಟೋ, ಜಾತಕ, ಫೋನ್ ನಂಬರನ್ನು ನಂಬಿ ಒಪ್ಪಿಸುವುದು ಇವರಿಗೇ. ಅವೆಲ್ಲ ಇರುವುದು ಹಾಲಿನ ಮೂಲೆಯ ಕಂಪ್ಯೂಟರಿನಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ಫೋನು. “ಬೇಗ ಬಾ ಮಾರಾಯ್ತಿ. ನಿನ್ನ ಮಾವನ ಕಂಪ್ಯೂಟರಿಗೆ ಮೈಮೇಲೆ ಬಂದಿದೆ.”

ನಾನು ಮಹಾಪೆಯ ಕಂಪನಿಯೊಂದರಲ್ಲಿ ಕಂಪ್ಯೂಟರ್‌ಗಳ ಆರೈಕೆ ಮಾಡುವವಳು. ನಗುತ್ತಲೇ ಹೋದೆ. ಹಾಲಿಗೆ ಕಾಲಿಟ್ಟ ಮೇಲೆ ನಗು ಬರಲಿಲ್ಲ. ಮೌಸನ್ನು ಯಾರೂ ಮುಟ್ಟಿಲ್ಲ, ಪರದೆಯ ಮೇಲೆ ಬಾಣ ತನ್ನಷ್ಟಕ್ಕೆ ಓಡಾಡುತ್ತಿದೆ. ಕ್ಯಾಮೆರಾದ ದೀಪ ಉರಿಯುತ್ತಿದೆ. ಅತ್ತೆ ತನ್ನ ಹಣೆಯ ಟಿಕ್ಲಿ ಕಿತ್ತು ಕ್ಯಾಮೆರಾದ ಕಣ್ಣಿಗೆ ಅಂಟಿಸಿದ್ದರು. ನಾವು ನೋಡುತ್ತಿದ್ದಂತೆಯೇ ಒಂದು ಫೋಲ್ಡರ್ ತೆರೆದುಕೊಂಡಿತು. ಅದು ಹುಡುಗಿಯರ ಫೋಟೋಗಳದು.

ಇಂಟರ್‌ನೆಟ್ಟಿನ ವಯರನ್ನು ಎಳೆದು ಕಿತ್ತೆ. ಬಾಣ ನಿಂತಿತು.

“ನೆಟ್ ತೆಗೆದ್ರೆ ಗಂಡುಗಳು ಬರುವುದು ಹೇಗೆ?” ಎಂದರು ಮಾವ.

“ಈಗ ಬಂದವನು ಮೊದ್ಲು ಹೋಗ್ಬೇಕಲ್ಲ ಮಾವ. ಏನು ತೆರೆದ್ರಿ ಹೇಳಿ.”

ಹಿಂದಿನ ವಾರ ಗುರುತಿಲ್ಲದ ಯಾರೋ ಮೇಲ್‌ನಲ್ಲಿ ವರನ ಬಯೋಡಾಟಾ ಕಳಿಸಿದ್ದರಂತೆ. ತೆರೆಯಲು ಹೋದರೆ ಆಂಟಿವೈರಸ್ ತಡೆಯಿತು. ಮಾವನಿಗೆ ಸಿಟ್ಟು ಬಂತು. “ಒಳ್ಳೆ ಗಂಡು ಸಿಗುವುದೇ ಕಷ್ಟ, ಇದೊಂದು ಅಡ್ಡಗಾಲು” ಎಂದು ಅದನ್ನೇ ಬಂದ್ ಮಾಡಿದರು. ಆಮೇಲೆ ಕಂಪ್ಯೂಟರ್ ಕೇಳಿತು: ಇದಕ್ಕೆ ಇಲ್ಲಿ ಬದಲಾವಣೆ ಮಾಡಲು ಬಿಡಲೇ?

“ನಾನು ಹೂಂ ಅಂತ ಒತ್ತಿದೆ. ಮದುವೆ ಅಂದ್ಮೇಲೆ ಬದಲಾವಣೆ ಬೇಡ ಅಂದ್ರೆ ಆಗ್ತದಾ?”

“ಮತ್ತೆ ಬಯೋಡಾಟಾ?”

“ತೆರೀಲೇ ಇಲ್ಲ. ಹುಡುಗ ನಾಚಿಕೆ ಸ್ವಭಾವದವ ಇರ್ಬೇಕು ಅಂದ್ಕೊಂಡೆ.”

ಬಂದದ್ದು ಬಯೋಡಾಟಾದ ವೇಷ ತೊಟ್ಟ ಪ್ರೋಗ್ರಾಮು. ನಮ್ಮ ಕೆಲಸದವರು ಅದನ್ನು ಬ್ಯಾಕ್‌ಡೋರ್, ಅಂದರೆ ಹಿತ್ತಿಲ ಬಾಗಿಲು, ಎನ್ನುತ್ತಾರೆ. ಒಳಗೆ ಸೇರಿದ ಮೇಲೆ ಸದ್ದು ಮಾಡುವುದಿಲ್ಲ. ಹೊರಗೆ ಎಲ್ಲೋ ಕುಳಿತ ಯಜಮಾನ ಬೇಕೆಂದಾಗ ಬಂದು ಹೋಗಲು ದಾರಿ ಮಾಡಿಟ್ಟಿರುತ್ತದೆ. ಇಷ್ಟು ಹೇಳಿದ್ದೇ ತಡ, ಅತ್ತೆ ಕೇಳಿದರು: “ಹಾಗಾದ್ರೆ ಅವ ನನ್ನನ್ನು ನೈಟಿಯಲ್ಲಿ ನೋಡಿದ್ನಾ?”

ಕೆಲಸಕ್ಕೆ ಕೂತೆ. ವೈರಸ್ ಹುಡುಕುವ ಪ್ರೋಗ್ರಾಮನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿದೆ. ಒಳಗಿನ ಕಳ್ಳ ಏಳುವ ಮೊದಲೇ ಹುಡುಕಬೇಕಲ್ಲ. ಮಾವ ಪರದೆಯ ಮುಂದಿನಿಂದ ಕದಲಲಿಲ್ಲ. ಎದುರಿಗಿದ್ದ ಚಹಾ ಆರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಸಿಕ್ಕಿತು. ಕಂಪ್ಯೂಟರ್ ಹಾಕಿದಾಗಲೆಲ್ಲ ತಾನೂ ಏಳುವಂತೆ ಏರ್ಪಾಡು ಮಾಡಿಕೊಂಡು ಕೂತಿತ್ತು. ಅಳಿಸಿದೆ. ಇನ್ನೊಂದನ್ನು ಬಚ್ಚಿಟ್ಟಿಲ್ಲವೆಂದು ಹೇಳುವವರು ಯಾರು? ಹಾಗಾಗಿ ಫೋಟೋ, ಜಾತಕಗಳನ್ನಷ್ಟೇ ಪರೀಕ್ಷಿಸಿ ಹೊರಗೆ ತೆಗೆದು, ಉಳಿದದ್ದನ್ನೆಲ್ಲ ಒರೆಸಿ, ವಿಂಡೋಸನ್ನು ಹೊಸದಾಗಿ ಹಾಕಿದೆ. ಪಾಸ್‌ವರ್ಡ್‌ಗಳನ್ನು ನನ್ನ ಫೋನಿನಿಂದ ಬದಲಿಸಿದೆ.

“ಫೋಟೋಗಳು ಅವನ ಕೈಗೆ ಹೋಗಿದ್ದಾವಾ?” ಮಾವ ಮೆಲ್ಲಗೆ ಕೇಳಿದರು.

“ಹೋಗಿರಬಹುದು ಮಾವ. ಇಲ್ಲ ಅಂತ ಹೇಳ್ಲಿಕ್ಕಾಗುವುದಿಲ್ಲ.”

“ಸುಮ್ಮನಿದ್ರೆ ಯಾರಿಗೆ ಗೊತ್ತಾಗ್ತದೆ?” ಎಂದರು ಅತ್ತೆ.

“ನಾಳೆ ಯಾವನೋ ಆ ಫೋಟೋ ಹಿಡ್ಕೊಂಡು ಮಕ್ಕಳನ್ನು ಹೆದರಿಸಿದ್ರೆ? ಅವ್ರಿಗೆ ಮೊದ್ಲೇ ಗೊತ್ತಿರ್ಬೇಕು.” ಮಾವ ಚಪ್ಪಲಿ ಮೆಟ್ಟಿಯಾಗಿತ್ತು. ಫೋನಿನಲ್ಲಿ ಹೇಳಿ ಎಂದರೆ ಕೇಳಲಿಲ್ಲ. ಇಂಥದ್ದನ್ನು ಎದುರಿಗೆ ನಿಂತೇ ಹೇಳಬೇಕಂತೆ. ಅವರನ್ನು ಒಬ್ಬರನ್ನೇ ಬಿಡಲು ನನಗೆ ಮನಸ್ಸಾಗಲಿಲ್ಲ.

ಮೊದಲ ಮನೆ ಕಳಂಬೋಲಿಯಲ್ಲಿ. ವಿಜಯಪುರದವರು, ಅಪ್ಪನಿಗೆ ಕಬ್ಬಿಣದ ಮಾರ್ಕೆಟಿನಲ್ಲಿ ಲೋಡಿಂಗ್ ಕೆಲಸ, ಮಗಳು ಆಸ್ಪತ್ರೆಯಲ್ಲಿ ನರ್ಸ್. ಅಪರಿಚಿತರ ಮನೆಗೂ ಕರೆಯದೆ ನುಗ್ಗುವ ನಮ್ಮ ಮಾವನಿಗೆ ಅವತ್ತು ಬೆಲ್ ಒತ್ತಲು ಕೈ ಬರಲಿಲ್ಲ. ನಾನೇ ಒತ್ತಿದೆ.

ಮಾವ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು, ಆಂಟಿವೈರಸ್ ಬಂದ್ ಮಾಡಿದ್ದನ್ನೂ ಬಿಡದೆ. ತಾಯಿಯ ಮುಖ ಕಪ್ಪಿಟ್ಟಿತು. “ನಿಮ್ಮನ್ನ ನಂಬಿ ಕೊಟ್ಟಿದ್ವಿರಿ ನಾವು” ಎಂದರು ಆಕೆ. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಯಾರಾದರೂ ಫೋಟೋ ತೋರಿಸಿ ಬೆದರಿಸಿದರೆ ಉತ್ತರ ಕೊಡದೆ ಪೊಲೀಸರಿಗೆ ತಿಳಿಸುವಂತೆ ಹುಡುಗಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಮಾವ ಕೈಮುಗಿದರು. “ನಿನ್ನ ಫೋಟೋ ಅಳಿಸ್ತೇನೆ ಮಗಾ. ಈ ಕೆಲಸ ಇನ್ನು ನನಗೆ ಬೇಡ.”

“ಅಳಿಸ್ರಿ ಅಂಕಲ್. ಆ ಫೋಟೋ ನನಗೂ ಪಸಂದ್ ಇರ್ಲಿಲ್ಲ. ಹೊಸಾದು ತಗೀರಿ.”

ಹುಡುಗಿ ಎದ್ದು ಹೋಗಿ ಕಿಟಕಿಯ ಬೆಳಕಿನಲ್ಲಿ ನಿಂತಳು. ತಾಯಿ ತಾವೇ ಎದ್ದು ಮಗಳ ಓಢಣಿ ಸರಿಪಡಿಸಿದರು. ಮಾವ ಜೇಬಿನಿಂದ ಫೋನ್ ತೆಗೆದರು. ಮೊದಲ ಫೋಟೋ ಮಸುಕಾಗಿ ಬಂತು, ಎರಡನೆಯದೂ. ನನಗೆ ಅಳು ತಡೆಯಲಾಗಲಿಲ್ಲ.

“ಸಾವಕಾಶ ತಗೀರಿ ಅಂಕಲ್,” ಎಂದಳು ಹುಡುಗಿ, “ನಾ ನಿಂತಿರ್ತೀನಿ.”