ಗೇಮ್ ಪೆಟ್ಟಿಗೆಯ ಎರಡು ಪಕ್ಕ

ಇಷ್ಟಕ್ಕೆಲ್ಲ ಕಾರಣ ಗೆದ್ದಲು. ಅಟ್ಟದ ಮೇಲಿದ್ದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಪರದೆ, ಹಿಡಿಕೋಲು, ಗುಂಡಿಗಳನ್ನು ಮುಟ್ಟದೆ, ಎರಡು ಪಕ್ಕದ ಹಲಗೆಗಳನ್ನು ಮಾತ್ರ ಅದು ನೆಮ್ಮದಿಯಾಗಿ ಕೂತು ತಿಂದು ಮುಗಿಸಿತ್ತು. ಪಕ್ಕದ ಹಲಗೆಗಳಿಲ್ಲದೆ ಪೆಟ್ಟಿಗೆ ನಿಲ್ಲುವುದಿಲ್ಲ. ಪೆಟ್ಟಿಗೆ ನಿಲ್ಲದಿದ್ದರೆ ಅಪ್ಪ ಮನೆಯಲ್ಲಿ ನಿಲ್ಲುವುದಿಲ್ಲ.

ಅಪ್ಪ ಒಂದು ಕಾಲದಲ್ಲಿ ಗೇಮ್ ಅಂಗಡಿ ಇಟ್ಟಿದ್ದವರು. ಅದು ಮುಚ್ಚಿ ಎಷ್ಟೋ ಕಾಲವಾಗಿ, ಆ ಜಾಗದಲ್ಲಿ ಈಗ ಔಷಧಿ ಅಂಗಡಿಯಿದೆ. ಈಚೆಗೆ ಅಪ್ಪನಿಗೆ ಅದು ಮರೆತುಹೋಗಿತ್ತು. ಜೊತೆಗೆ ಹೆಂಡತಿ ತೀರಿಕೊಂಡದ್ದೂ ಮರೆತಿತ್ತು, ಮಗ ಯಾರೆಂಬುದೂ ಮರೆತಿತ್ತು. ಸಂಜೆಯಾದರೆ ಸಾಕು, ಅಂಗಡಿ ತೆಗೆಯಬೇಕೆಂದು ಚಪ್ಪಲಿ ಮೆಟ್ಟಿ ಹೊರಟುಬಿಡುವರು. ಮಗ ಗ್ರಂಥಾಲಯದ ಗುಮಾಸ್ತ, ಮದುವೆಯ ಗೋಜಿಗೆ ಹೋಗದವನು. ಬೀದಿ ಬೀದಿ ಅಲೆದು ಅಪ್ಪನನ್ನು ಕರೆತರುವುದೇ ಅವನ ಎರಡನೆಯ ಉದ್ಯೋಗವಾಗಿತ್ತು. ಹೋದ ವಾರ ಅಪ್ಪ ಲಾರಿಯ ಕೆಳಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತು. ಅದನ್ನು ಕೇಳಿದ ಅಕ್ಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು:

"ಭಾನುವಾರ ಸಾಯಂಕಾಲ ಬರ್ತೀನಿ. ಅವತ್ತೂ ಅಪ್ಪ ಬೀದೀಲಿದ್ರೆ ವೃದ್ಧಾಶ್ರಮಕ್ಕೆ ಸೇರಿಸೋದೇ ಸೈ. ನಿನ್ನ ಕೈಲಿ ಆಗಲ್ಲ ಕಣೋ."

ಅಂಗಡಿ ಹುಡುಕಿಕೊಂಡು ಅಪ್ಪ ಹೋಗುವ ಬದಲು ಅಟ್ಟದ ಪೆಟ್ಟಿಗೆ ಇಳಿಸಿ ಅಂಗಡಿಯನ್ನೇ ಮನೆಗೆ ತಂದರೆ ಹೇಗೆ? ಗುಮಾಸ್ತನಿಗೆ ಹೊಳೆದ ಉಪಾಯ ಇದು. ಬದುಕಿನಲ್ಲಿ ಅವನಿಗೆ ಹೊಳೆದ ಉಪಾಯಗಳೇ ಕಡಿಮೆ, ಹಾಗಾಗಿ ಇದರ ಮೇಲೆ ವಿಪರೀತ ಪ್ರೀತಿ ಬಂತು. ಭಾನುವಾರ ಬೆಳಗಾಗುತ್ತಲೇ ಪ್ಲೈವುಡ್ ತಂದು ಅಂಗಳದಲ್ಲಿ ಹಾಸಿದ. ಅದುವರೆಗೆ ಅವನು ಕತ್ತರಿಸಿದ್ದ ಅತಿ ಗಟ್ಟಿ ವಸ್ತುವೆಂದರೆ ಪುಸ್ತಕದ ರಟ್ಟು.

ಹಲಗೆಯ ವಾಸನೆಗೆ ನೆರೆಯವರು ಇರುವೆಗಳ ಹಾಗೆ ಬಂದರು. ಎದುರುಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಮ್ಮ ತಂದೆಯ ಕಾಲದ ಕೈಗರಗಸ ತಂದು, ಕೈಯ ಹದ ಯಂತ್ರಕ್ಕೆಲ್ಲಿ ಬರಬೇಕು ಎಂದರು. ಮೇಲ್ಮನೆಯ ನಲ್ಲಿ ರಿಪೇರಿಯವನು ಕರೆಂಟಿನ ಗರಗಸ ತಂದು, ಬಾಗು ಕೊಯ್ಯಲು ಇದೊಂದೇ ದಾರಿ ಎಂದ. ಪಕ್ಕದ ಹಲಗೆಗೆ ಬಾಗು ಬೇಕೇ ಬೇಕು. ಪರದೆಯ ಹತ್ತಿರ ಒಳಗೆ ಸರಿದು, ಗುಂಡಿಗಳ ಹತ್ತಿರ ಮುಂದೆ ಬರುವ ಆಕಾರ, ಡೊಳ್ಳುಹೊಟ್ಟೆಯವನು ಪಕ್ಕಕ್ಕೆ ತಿರುಗಿ ನಿಂತಂತೆ. ಇಬ್ಬರೂ ತಮ್ಮ ತಮ್ಮ ಗರಗಸ ಹಿಡಿದು ಗುಮಾಸ್ತನ ಮುಖವನ್ನೇ ನೋಡತೊಡಗಿದರು.

ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲದ ಪ್ರಾಣಿ ಅದು. ಎಡಗಡೆಯ ಹಲಗೆಯನ್ನು ಮೇಷ್ಟ್ರ ಗರಗಸದಲ್ಲಿ ಕೊಯ್ದ, ಬಲಗಡೆಯದನ್ನು ರಿಪೇರಿಯವನ ಯಂತ್ರದಲ್ಲಿ ಕೊಯ್ದ.

ಎರಡನ್ನೂ ನಿಲ್ಲಿಸಿ ನೋಡಿದರೆ ಒಂದೇ ತಾಯಿಯ ಮಕ್ಕಳೆಂದು ಹೇಳುವ ಹಾಗಿರಲಿಲ್ಲ. ಬಲಗಡೆಯದು ಒಂದು ನೂಲು ಹೆಚ್ಚಿದೆ ಎಂದರು ಮೇಷ್ಟ್ರು. ಅದನ್ನು ತರಿದದ್ದಾಯಿತು. ಈಗ ಎಡಗಡೆಯದು ಹೆಚ್ಚಾಯಿತು ಎಂದ ರಿಪೇರಿಯವನು. ಅದನ್ನೂ ತರಿದದ್ದಾಯಿತು. ಮಧ್ಯಾಹ್ನದ ತನಕ ಇದೇ ನಡೆದು, ಗುಮಾಸ್ತನ ಎತ್ತರಕ್ಕಿದ್ದ ಹಲಗೆಗಳು ಎದೆಗಿಳಿದು, ಎದೆಯಿಂದ ಸೊಂಟಕ್ಕಿಳಿದವು. ಜಗಳ ಮಾತ್ರ ಬೆಳೆಯುತ್ತಲೇ ಹೋಯಿತು. ಕೊನೆಗೆ ಮೇಷ್ಟ್ರು ಮುನಿಸಿಕೊಂಡು ಊಟಕ್ಕೆ ಹೋದರು, ರಿಪೇರಿಯವನೂ ಗೊಣಗುತ್ತ ಮೆಟ್ಟಿಲು ಹತ್ತಿದ. ಗರಗಸಗಳು ಮಾತ್ರ ಅಂಗಳದಲ್ಲೇ ಉಳಿದವು. ಗುಮಾಸ್ತ ಹೊಟ್ಟಿನ ರಾಶಿಯ ನಡುವೆ ತಲೆಯ ಮೇಲೆ ಕೈಹೊತ್ತು ಕುಳಿತ. ಅಕ್ಕ ಹೇಳಿದ್ದು ನಿಜ, ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅಳು ಬಂತು.

ಅಷ್ಟು ಹೊತ್ತೂ ಬಾಗಿಲ ಬಳಿ ಕುಳಿತು ನೋಡುತ್ತಿದ್ದ ಅಪ್ಪ ಎದ್ದು ಬಂದರು. ಒಂದರ ಮೇಲೊಂದು ಹಲಗೆಯಿಟ್ಟು, ಎರಡು ಕಡೆ ಮೊಳೆ ಹೊಡೆದು, ಮೇಲಿನ ಹಲಗೆಯ ಮೇಲೆ ಒಂದೇ ಒಂದು ಗೆರೆ ಎಳೆದರು.

"ಬೇರೆ ಬೇರೆ ಕೊಯ್ದರೆ ಹೊಂದಲ್ಲ. ಎರಡನ್ನೂ ಸೇರಿಸಿ ಒಟ್ಟಿಗೇ ಕೊಯ್ಯಿ," ಎಂದರು.

ಅಪ್ಪ ಹಲಗೆಯನ್ನು ಅದುಮಿ ಹಿಡಿದರು, ಮಗ ಕೊಯ್ದ. ಬಿಚ್ಚಿ ನೋಡಿದರೆ ಎರಡರ ನಡುವೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅಪ್ಪ ಅಂಚಿನ ಮೇಲೆ ಅಂಗೈ ಆಡಿಸಿ, ಕೂತು ಆಡುವ ಪೆಟ್ಟಿಗೆಗೆ ಇಷ್ಟೆತ್ತರ ಸಾಕು ಎಂದರು. ಆಮೇಲೆ ಮಗನ ಬೆನ್ನು ತಟ್ಟಿ, "ಪರವಾಗಿಲ್ಲ, ಕೈ ಚೆನ್ನಾಗಿದೆ. ಯಾರ ಮಗ ನೀನು?" ಎಂದು ಕೇಳಿದರು.

ಸಂಜೆಯ ಹೊತ್ತಿಗೆ ಪೆಟ್ಟಿಗೆ ನಡುಮನೆಯಲ್ಲಿ ನಿಂತಿತು. ಪರದೆ ಬೆಳಗಿತು, ಟುಣುಟುಣು ಸದ್ದು ಶುರುವಾಯಿತು. ಸದ್ದು ಕೇಳಿ ಮುನಿಸು ಮರೆತ ಮೇಷ್ಟ್ರೂ ರಿಪೇರಿಯವನೂ ಬಂದು, ಆ ಹಲಗೆಗಳು ಹೊಂದಿದ್ದು ತನ್ನ ಗರಗಸದಿಂದಲೇ ಎಂದು ಒಬ್ಬೊಬ್ಬರಾಗಿ ಹೇಳಿ, ಆಡಲು ಕೂತರು. ಅಪ್ಪ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಗುಂಡಿ ಜೋರಾಗಿ ಗುದ್ದಬೇಡಿ ಎಂದು ಇಬ್ಬರನ್ನೂ ನಗುನಗುತ್ತಲೇ ಗದರಿಸಿದರು. ಬೀದಿಯ ದೀಪ ಹತ್ತಿದರೂ ಅವರು ಚಪ್ಪಲಿಯ ಕಡೆ ನೋಡಲಿಲ್ಲ. ಅಪ್ಪ ಹೀಗೆ ನಕ್ಕದ್ದನ್ನು ಗುಮಾಸ್ತ ನೋಡಿ ವರ್ಷಗಳಾಗಿದ್ದವು. ಅಕ್ಕ ಈಗಲೇ ಬಂದರೆ ಚೆನ್ನಾಗಿರುತ್ತಿತ್ತು ಎಂದುಕೊಂಡು ಕಣ್ಣೊರೆಸಿಕೊಂಡ.

ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ಚಪ್ಪಾಳೆ ತಟ್ಟಿದರು. ಇವತ್ತಿಗೆ ಸಾಕು, ಮುಚ್ಚುವ ಹೊತ್ತಾಯಿತು, ಎಲ್ಲರೂ ಹೊರಡಿ ಎಂದರು. ಮೇಷ್ಟ್ರೂ ರಿಪೇರಿಯವನೂ ನಗುತ್ತ ತಮ್ಮ ಮನೆಗಳಿಗೆ ಹೋದರು. ಗುಮಾಸ್ತನನ್ನೂ ಭುಜ ಹಿಡಿದು ಹೊರಗೆ ಕಳಿಸಿದಾಗ ಅವನಿಗೆ ನಗುವೇ ಬಂತು. ಅಪ್ಪ ಪೆಟ್ಟಿಗೆ ಆರಿಸಿದರು, ದೀಪ ಆರಿಸಿದರು, ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿ ಜಗ್ಗಿ ನೋಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿದರು.

"ಎಲ್ಲಿಗಪ್ಪಾ?"

"ಇನ್ನೆಲ್ಲಿಗೆ, ಮನೆಗೆ. ಅವಳು ಊಟ ಮಾಡ್ದೆ ಕಾಯ್ತಾ ಕೂತಿರ್ತಾಳೆ."

ಅಂಗಡಿಯನ್ನು ಮನೆಗೆ ತರಲು ಹೋಗಿ ಗುಮಾಸ್ತ ಮನೆಯನ್ನೇ ಅಂಗಡಿ ಮಾಡಿಬಿಟ್ಟಿದ್ದ. ಮುಚ್ಚಿದ ಅಂಗಡಿಯಲ್ಲಿ ಯಾವ ಯಜಮಾನ ತಾನೇ ಮಲಗುತ್ತಾನೆ? ಇದೇ ನಮ್ಮ ಮನೆ, ಕೀಲಿ ಕೊಡಿ ಎಂದು ಅಂಗಲಾಚಿದ. ಅಂಗಡಿಗೆ ಬಂದವರಿಗೆಲ್ಲ ಕೀಲಿ ಕೊಡುತ್ತಾರೇನಪ್ಪ ಎಂದು ಅಪ್ಪ ಸಮಾಧಾನವಾಗಿಯೇ ಹೇಳಿ ಗೇಟು ತೆಗೆದು ಬೀದಿಗಿಳಿದರು.

ಆಗಲೇ ಟ್ಯಾಕ್ಸಿ ಬಂದು ನಿಂತು, ಅಕ್ಕ ಇಳಿದಳು. ಅಪ್ಪ ಅವಳ ಮುಖವನ್ನೂ ಗುಮಾಸ್ತನ ಮುಖವನ್ನೂ ನೋಡಿದರು.

"ಇವನ ಅಕ್ಕನೇನಮ್ಮಾ ನೀನು? ಒಂದೇ ಹೋಲಿಕೆ. ಒಳ್ಳೇ ಹುಡುಗ, ಮನೆಗೆ ಕರ್ಕೊಂಡು ಹೋಗು. ನಿಮ್ಮಪ್ಪ ಪಾಪ ಎಲ್ಲೆಲ್ಲಿ ಹುಡುಕ್ತಿದ್ದಾರೋ."

ಹೀಗೆಂದು ಅಪ್ಪ ಎಲ್ಲೂ ಇಲ್ಲದ ಮನೆಯ ಕಡೆ ಹೊರಟರು. ಬೈಯಲು ಬಾಯಿ ತೆರೆದಿದ್ದ ಅಕ್ಕ ತಮ್ಮನ ಭುಜದ ಮೇಲೆ ಕೈಯಿಟ್ಟಳು. ನಾಳೆ ಅಪ್ಪನ ಬಟ್ಟೆ ಜೋಡಿಸಿಡು ಎಂದು ಮೆಲ್ಲಗೆ ಹೇಳಿದಳು. ಗುಮಾಸ್ತ ತಲೆಯಾಡಿಸಿದ. ಅಪ್ಪ ಆಗಲೇ ತಿರುವಿನ ಹತ್ತಿರ ಹೋಗಿದ್ದರು. ಮನೆಯ ಕೀಲಿಯೂ ಅವರ ಜೇಬಿನಲ್ಲಿತ್ತು. ಅಕ್ಕ ತಮ್ಮ ಇಬ್ಬರೂ ಅವರ ಹಿಂದೆ ನಡೆದರು.